ಅಜ್ಜಿಯ ಬದುಕನ್ನು ಬರೆದಿಡುವ ಬಗೆ: ಸೂತಕದ ಮನೆಯಿಂದ ವರ್ಷಾಂತಿಕದವರೆಗೆ

ನಮ್ಮ ಅಜ್ಜಿ ತೀರಿಕೊಂಡ ಮೂರನೆಯ ದಿನ ಸಾಗರದ ಒಂದು ಅಚ್ಚುಮನೆಯಲ್ಲಿ ವೈಕುಂಠ ಸಮಾರಾಧನೆಯ ಕಾಗದ ಮಾಡಿಸಲು ಕುಳಿತಿದ್ದೆ. ಫೋಟೊ ಕೊಟ್ಟಾಗಿತ್ತು. "ಕೆಳಗೆ ನಾಲ್ಕು ಸಾಲು ಮ್ಯಾಟರ್ ಬೇಕಲ್ಲ" ಎಂದ ಹುಡುಗ, ನಾನು ತಡವರಿಸುವುದನ್ನು ಕಂಡು ಕಂಪ್ಯೂಟರಿನಲ್ಲಿ ಸಿದ್ಧವಾಗಿದ್ದ ಸಾಲೊಂದನ್ನು ತೆರೆದ. ಮಮತಾಮಯಿ, ಸರಳ ಸಜ್ಜನಿಕೆಯ ಮೂರ್ತಿ, ದೈವಭಕ್ತೆ, ಎಲ್ಲರಿಗೂ ಬೇಕಾದವರು. ಅದರ ಮೇಲೆ ಹಿಂದಿನ ವಾರ ತೀರಿಕೊಂಡ ಇನ್ನಾರದೋ ಹೆಸರಿತ್ತು. ಅದನ್ನು ಅಳಿಸಿ ನಮ್ಮ ಅಜ್ಜಿಯ ಹೆಸರು ಕೂರಿಸಿದ. ಎಂಬತ್ತೆಂಟು ವರ್ಷದ ಬದುಕಿನ ಕೆಲಸ ಎರಡು ನಿಮಿಷದಲ್ಲಿ ಮುಗಿದಿತ್ತು.

ಆ ಸಾಲಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಆ ಸಾಲಿನಿಂದ ನಮ್ಮ ಅಜ್ಜಿಯನ್ನು ಗುರುತು ಹಿಡಿಯಲು ಯಾರಿಂದಲೂ ಸಾಧ್ಯವಿರಲಿಲ್ಲ. ಮುಂದಿನ ಒಂದು ವರ್ಷ ನಾವು ಮೊಮ್ಮಕ್ಕಳು ಸೇರಿ ಹುಡುಕಿ, ಕೇಳಿ, ಜಗಳವಾಡಿ 64 ಪುಟದ ಪುಸ್ತಕವೊಂದನ್ನು ಮಾಡಿದೆವು. ವರ್ಷಾಂತಿಕದ ದಿನ ಊಟಕ್ಕೆ ಬಂದವರಿಗೆ ಕೊಟ್ಟೆವು. ಆ ಕೆಲಸದಲ್ಲಿ ಕಲಿತದ್ದನ್ನು, ಮಾಡಿದ ತಪ್ಪುಗಳನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯ ಹಿರಿಜೀವ ಇನ್ನೂ ಜಗಲಿಯಲ್ಲಿ ಕುಳಿತು ಬತ್ತಿ ಹೊಸೆಯುತ್ತಿದ್ದರೆ ನೀವು ಅದೃಷ್ಟವಂತರು, ಮೊದಲ ಹಂತವನ್ನು ಬಿಟ್ಟು ಎರಡನೆಯದಕ್ಕೆ ಹೋಗಿ.

ಮೊದಲ ಹದಿಮೂರು ದಿನ: ಬರೆಯುವುದೂ ಬೇಡ, ಎಸೆಯುವುದೂ ಬೇಡ

ಹದಿಮೂರನೆಯ ದಿನಕ್ಕೇ ಪುಸ್ತಕ ತರುವ ಹಟ ಹಿಡಿಯಬೇಡಿ. ಆ ಅವಸರದಲ್ಲಿ ಅಚ್ಚುಮನೆಯ ಸಾಲುಗಳೇ ನಮ್ಮ ಬಾಯಲ್ಲೂ ಬರುತ್ತವೆ. ಆ ದಿನಗಳು ಸಂಗ್ರಹಕ್ಕೆ ಮಾತ್ರ. ಸೂತಕದ ಮನೆಗೆ ಜನ ಬರುತ್ತಲೇ ಇರುತ್ತಾರೆ, ಕುಳಿತಲ್ಲೇ ಹಳೆಯ ಮಾತು ತೆಗೆಯುತ್ತಾರೆ, ಅಳುತ್ತಾರೆ, ನಡುವೆ ನಗುತ್ತಾರೆ. ಮೂರು ತಿಂಗಳು ಕಳೆದು ಅವರ ಮನೆಗೇ ಹೋಗಿ ಕೇಳಿದರೂ ಆ ಮಾತು ಹಾಗೆ ಬರುವುದಿಲ್ಲ. ಕರ್ಮಕ್ಕೆ ಕುಳಿತವರಿಗೆ ಈ ಹೊಣೆ ಕೊಡಬೇಡಿ, ಅವರಿಗೆ ಪುರುಸೊತ್ತಿರುವುದಿಲ್ಲ. ಪಿಯುಸಿ ಓದುವ ಮೊಮ್ಮಗಳ ಕೈಯಲ್ಲಿ ಒಂದು ನೋಟ್ ಪುಸ್ತಕ ಕೊಡಿ. ಬಂದವರು ಯಾರು, ಏನು ಸಂಬಂಧ, ಫೋನ್ ನಂಬರು, ಯಾವುದರ ಬಗ್ಗೆ ಮಾತನಾಡಿದರು ಎಂಬ ಒಂದು ಸಾಲು. ಇಷ್ಟು ಸಾಕು. ಧ್ವನಿಮುದ್ರಣ ಮಾಡುವುದಾದರೆ ಕೇಳಿಯೇ ಮಾಡಿ. ನಾವು ಮೊದಲ ದಿನ ಕೇಳದೆ ಮೊಬೈಲ್ ಇಟ್ಟಿದ್ದೆವು. ಗೊತ್ತಾದ ಮೇಲೆ ಅತ್ತೆಯೊಬ್ಬರು ವಾರದವರೆಗೆ ಬಾಯಿ ಬಿಡಲಿಲ್ಲ.

ಇನ್ನೊಂದು ಕಡೆ ಹೆಂಗಸರು ಸೀರೆ ಹಂಚಲು ಶುರು ಮಾಡಿರುತ್ತಾರೆ. ತಡೆಯಬೇಡಿ, ತಡೆದರೆ ಬೇರೆ ಅರ್ಥ ಬರುತ್ತದೆ. ಹಂಚುವ ಮೊದಲು ಟ್ರಂಕನ್ನು ಪದರ ಪದರವಾಗಿ ಬಿಚ್ಚುತ್ತ ಫೋಟೊ ತೆಗೆಯಿರಿ. ಕನ್ನಡಕದ ಡಬ್ಬಿ, ಎಲೆಅಡಿಕೆ ಚೀಲ, ಔಷಧದ ಚೀಟಿ, ಪಂಚಾಂಗದ ಅಂಚಿನಲ್ಲಿ ಬರೆದ ಹಾಲಿನ ಲೆಕ್ಕ ಇವೆಲ್ಲ ಒಂದು ಪೆಟ್ಟಿಗೆಗೆ ಹೋಗಲಿ. ನಮ್ಮಲ್ಲಿ ದೇವರ ಗೂಡಿನ ಹಿಂದೆ ಅರಿಶಿನದ ಬಟ್ಟೆಯ ಗಂಟೊಂದು ಸಿಕ್ಕಿತು. ಯಾವುದೋ ಮುಡಿಪು. ಯಾವ ದೇವರದ್ದು, ಯಾವಾಗಿನದ್ದು ಎಂದು ಯಾರಿಗೂ ತಿಳಿಯದೆ ಅದನ್ನೂ ಪೆಟ್ಟಿಗೆಗೆ ಹಾಕಿದೆವು.

ಅಜ್ಜಿಯ ಮೊಬೈಲಿದ್ದರೆ ಸಿಮ್ಮಿಗೆ ವರ್ಷದ ಮಟ್ಟಿಗೆ ರೀಚಾರ್ಜ್ ಮಾಡಿಸುತ್ತಿರಿ. ವಾಟ್ಸ್ಯಾಪ್ ಧ್ವನಿ ಸಂದೇಶಗಳು ಯಾರ್ಯಾರ ಬಳಿ ಇವೆ ಎಂದು ಅಂದೇ ಕೇಳಿ, ಎಲ್ಲವನ್ನೂ ಒಂದೆಡೆಗೆ ತರಿಸಿಕೊಳ್ಳಿ. ಅಮೆರಿಕದಲ್ಲಿರುವ ನನ್ನ ತಂಗಿಯ ಮೊಬೈಲಿನಲ್ಲಿ 41 ಸಂದೇಶಗಳಿದ್ದವು. ಅರ್ಧಕ್ಕರ್ಧ "ಇದು ಒತ್ತಿದರೆ ಸಾಕೇನೇ?" ಎಂದು ಕೇಳಿ ನಿಂತಂಥವು. ಅವೇ ನಮಗೆ ಈಗ ಎಲ್ಲಕ್ಕಿಂತ ಪ್ರೀತಿ.

ಮರಣವನ್ನು 21 ದಿನಗಳೊಳಗೆ ನೋಂದಣಿ ಮಾಡಿಸುವುದನ್ನು ಮರೆಯಬೇಡಿ. ಪುಸ್ತಕಕ್ಕಲ್ಲ, ಮುಂದಿನ ಎಲ್ಲ ಕಾಗದಪತ್ರಕ್ಕೆ.

ಹೆಸರು

ಅಜ್ಜಿಯ ಹೆಸರೇನು ಎಂದು ಕೇಳಿದರೆ ನಗಬೇಡಿ, ಇದೇ ಮೊದಲ ಸಂಶೋಧನೆ. ಕೆಲವು ಸಮುದಾಯಗಳಲ್ಲಿ ಮದುವೆಯ ದಿನವೇ ಹೆಣ್ಣಿಗೆ ಹೊಸ ಹೆಸರು ಇಡುತ್ತಾರೆ. ಇನ್ನು ಕೆಲವೆಡೆ ಹೆಸರು ಉಳಿದರೂ ಕರೆಯುವವರು ಯಾರೂ ಇರುವುದಿಲ್ಲ. ಗಂಡ "ಇವಳೇ" ಎನ್ನುತ್ತಾನೆ, ಮಕ್ಕಳು "ಅಮ್ಮ", ಊರವರು ತವರೂರಿನ ಹೆಸರಿಗೆ "ಅಮ್ಮ" ಸೇರಿಸಿ ಕರೆಯುತ್ತಾರೆ. ರೇಷನ್ ಕಾರ್ಡಿನಲ್ಲಿ ಒಂದು, ಮತದಾರರ ಪಟ್ಟಿಯಲ್ಲಿ ಇನ್ನೊಂದು, ಬ್ಯಾಂಕಿನಲ್ಲಿ ಗಂಡನ ಹೆಸರಿನ ಬಾಲ ಹಚ್ಚಿದ ಮೂರನೆಯದು. ಎಲ್ಲವನ್ನೂ ಬರೆದುಕೊಳ್ಳಿ.

ತವರಿನ ಹೆಸರು ಸಿಗಬಹುದಾದ ಜಾಗಗಳು: ಹಳೆಯ ಲಗ್ನಪತ್ರಿಕೆ, ತವರೂರಿನ ಶಾಲೆಯ ದಾಖಲಾತಿ ಪುಸ್ತಕ, ಜಾತಕ, ತವರಿನ ಹಿಸ್ಸೆ ಪತ್ರ. ಕ್ರೈಸ್ತ ಕುಟುಂಬದವರಾದರೆ ಚರ್ಚಿನ ಜ್ಞಾನಸ್ನಾನದ ದಾಖಲೆ, ಮುಸ್ಲಿಂ ಕುಟುಂಬದವರಾದರೆ ನಿಕಾಹ್‌ನಾಮೆ. ನಮಗೆ ಇವು ಯಾವುದೂ ಬೇಕಾಗಲಿಲ್ಲ. ಅಜ್ಜಿಯ ತಂಗಿ, ನಮ್ಮ ಚಿಕ್ಕಜ್ಜಿ, ಫೋನಿನಲ್ಲಿ ಅಳುತ್ತ ಒಂದು ಹೆಸರು ಹಿಡಿದು ಕರೆದರು. ಮನೆಯಲ್ಲಿ ಒಬ್ಬರೂ ಅದನ್ನು ಕೇಳಿರಲಿಲ್ಲ, ಎಪ್ಪತ್ತು ದಾಟಿದ ದೊಡ್ಡಪ್ಪ ಕೂಡ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ಪುಸ್ತಕದ ಮೊದಲ ಪುಟದಲ್ಲಿದೆ, ಅಲ್ಲಿರಲಿ.

ಇಸವಿ ಕಟ್ಟುವುದು

ಆಧಾರ್ ಕಾರ್ಡನ್ನು ನಂಬಬೇಡಿ. ನಮ್ಮ ಅಜ್ಜಿಯ ಕಾರ್ಡಿನಲ್ಲಿ ಜನನ ದಿನಾಂಕ 01-01-1940. ಊರಿನ ಅರ್ಧ ಮುದುಕರು ಜನವರಿ ಒಂದರಂದೇ ಹುಟ್ಟಿದ್ದಾರೆ! ಹುಟ್ಟಿದ ದಿನ ಗೊತ್ತಿಲ್ಲದವರಿಗೆ ಕಂಪ್ಯೂಟರಿನ ಮುಂದೆ ಕುಳಿತವರು ಕೊಟ್ಟ ದಿನ ಅದು.

ಅಜ್ಜಿ ತಾನೇ ಹೇಳುತ್ತಿದ್ದ ಲೆಕ್ಕ ಬೇರೆ ಇತ್ತು. "ಧಾತು ಸಂವತ್ಸರ, ಆರಿದ್ರಾ ಮಳೆ, ಹೊಳೆ ತುಂಬಿ ಸೂಲಗಿತ್ತಿ ದಾಟಿ ಬರುವುದು ತಡವಾಯಿತಂತೆ." ಇಷ್ಟು ಸಿಕ್ಕರೆ ಸಾಕು. ಸಂವತ್ಸರಗಳು ಅರವತ್ತು, ಯುಗಾದಿಯಿಂದ ಯುಗಾದಿಗೆ ಒಂದು. ಪ್ರಭವ ಬಂದದ್ದು 1927ರಲ್ಲಿ, ಮತ್ತೆ 1987ರಲ್ಲಿ. ಅಲ್ಲಿಂದ ಬೆರಳು ಮಡಚಿದರೆ ಹತ್ತನೆಯದಾದ ಧಾತು 1936ಕ್ಕೆ ಬರುತ್ತದೆ. ಆರಿದ್ರಾ ಮಳೆ ಜೂನ್ 22ರ ಹೊತ್ತಿಗೆ ಹುಟ್ಟಿ ಜುಲೈ ಮೊದಲ ವಾರದವರೆಗೆ ಇರುತ್ತದೆ. ಅಂದರೆ ಅಜ್ಜಿ ಹುಟ್ಟಿದ್ದು 1936ರ ಜೂನ್ ಕೊನೆಗೋ ಜುಲೈ ಆರಂಭಕ್ಕೋ. ಸರ್ಕಾರಿ ವಯಸ್ಸಿಗಿಂತ ಮೂರೂವರೆ ವರ್ಷ ಹಿರಿಯಳು.

ಇಲ್ಲಿ ಎಡವುವ ಜಾಗ ಒಂದಿದೆ. ಸಂವತ್ಸರ ಯುಗಾದಿಗೆ ಬದಲಾಗುವುದರಿಂದ ಪುಷ್ಯ, ಮಾಘ, ಫಾಲ್ಗುಣದಲ್ಲಿ ಹುಟ್ಟಿದವರಿಗೆ ಇಂಗ್ಲಿಷ್ ಇಸವಿ ಒಂದು ಮುಂದೆ ಹೋಗಬಹುದು. ಧಾತು ಸಂವತ್ಸರದ ಮಾಘದಲ್ಲಿ ಹುಟ್ಟಿದ್ದರೆ ಅದು 1937. ನನ್ನ ಸೋದರಸಂಬಂಧಿಯೊಬ್ಬ ಇದನ್ನು ಗಮನಿಸದೆ ದೊಡ್ಡ ಮಗ ಹುಟ್ಟುವಾಗ ಅಜ್ಜಿಯ ಮದುವೆಯೇ ಆಗಿರಲಿಲ್ಲವೆಂದು ಲೆಕ್ಕ ಹಾಕಿಟ್ಟಿದ್ದ. ಅಚ್ಚಿಗೆ ಹೋಗುವ ಮೊದಲು ಅದು ಕಣ್ಣಿಗೆ ಬಿದ್ದದ್ದು ಪುಣ್ಯ.

ಸಂವತ್ಸರದ ನೆನಪಿಲ್ಲದವರು ಊರಿನ ದೊಡ್ಡ ಘಟನೆಗಳಿಗೆ ಗಂಟು ಹಾಕಿರುತ್ತಾರೆ. "ನಿನ್ನ ಅಪ್ಪ ಅಂಬೆಗಾಲಿಡುವಾಗ" ಎಂದು ಶುರುವಾಗುವ ಮಾತನ್ನು ಇಸವಿಗೆ ಇಳಿಸಲು ಆ ಘಟನೆ ಬೇಕು, ಅದು ಸೀಮೆಯಿಂದ ಸೀಮೆಗೆ ಬೇರೆ. ಮೈಸೂರು ಸೀಮೆಯವರಿಗೆ ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡ 1940. ಕಲಬುರಗಿ, ಬೀದರ್, ರಾಯಚೂರು ಕಡೆಗೆ ರಜಾಕಾರರ ಗಲಾಟೆ ಮತ್ತು 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ. ನೇತ್ರಾವತಿಯ ದಡದವರಿಗೆ 1974ರ ನೆರೆ. ಚಿಕ್ಕಮಗಳೂರಿನವರಿಗೆ ಇಂದಿರಾ ಗಾಂಧಿ ಚುನಾವಣೆಗೆ ನಿಂತ 1978. ಹಾಸನ ಕಡೆಯ ಜೈನ ಕುಟುಂಬಗಳಿಗೆ 1981ರ ಮಹಾಮಸ್ತಕಾಭಿಷೇಕ. ಅಂಕೋಲೆಯಿಂದ ಹುಬ್ಬಳ್ಳಿ, ರಾಯಚೂರಿನವರೆಗಿನವರು ಹಗಲೇ ಕತ್ತಲಾದ ಖಗ್ರಾಸ ಗ್ರಹಣವನ್ನು ಹೇಳಿದರೆ ಅದು 1980ರ ಫೆಬ್ರವರಿ 16. ಆಣೆ ಹೋಗಿ ನಯೇ ಪೈಸೆ ಬಂದದ್ದು 1957. "ಗೇಣಿ ಭೂಮಿ ನಮ್ಮದಾಯಿತು" ಅಥವಾ "ನಮ್ಮ ಕೈ ತಪ್ಪಿತು" ಎಂದರೆ 1974ರ ಕಾನೂನಿನ ನಂತರದ ವರ್ಷಗಳು. ಯಾವ ಮನೆಯವರು ಯಾವ ವಾಕ್ಯ ಹೇಳುತ್ತಾರೆ ಎನ್ನುವುದೂ ಚರಿತ್ರೆಯೇ.

ನಮ್ಮ ಕಡೆ ಇದೆಲ್ಲಕ್ಕಿಂತ ದೊಡ್ಡ ಗೆರೆ ಒಂದೇ: ಮುಳುಗಡೆ. ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಿತು. ಅದು ಕ್ರೋಧಿ ಸಂವತ್ಸರ. ಅಜ್ಜಿಗೆ ಇಪ್ಪತ್ತೆಂಟು. ಮನೆಯ ತೊಲೆ, ಬಾಗಿಲು, ಬೀಸುಕಲ್ಲು, ಎರಡು ಎಮ್ಮೆ, ಮೂರು ಮಕ್ಕಳು ಇಷ್ಟನ್ನು ಲಾರಿಗೆ ಹೇರಿಕೊಂಡು ಕಾಡು ಕಡಿದ ಜಾಗಕ್ಕೆ ಬಂದು ಇಳಿದವರು. ಅಜ್ಜಿಯ ಬಾಯಲ್ಲಿ ಪ್ರಪಂಚದ ಎಲ್ಲ ಸಂಗತಿಗಳೂ ಮುಳುಗಡೆಗೆ ಮೊದಲು ಇಲ್ಲವೇ ನಂತರ ನಡೆದವು. ಗಾಂಧೀಜಿ ಕೂಡ "ಮುಳುಗಡೆಗೆ ಮೊದಲೇ ಹೋದರು". ಬೇಸಿಗೆಯಲ್ಲಿ ಹಿನ್ನೀರು ಇಳಿದು ಹಿರೇಭಾಸ್ಕರದ ಹಳೆಯ ಅಣೆಕಟ್ಟು ತಲೆ ಎತ್ತಿದ ಸುದ್ದಿ ಪತ್ರಿಕೆಯಲ್ಲಿ ಬಂದರೆ ಆ ಫೋಟೊದಲ್ಲಿ ತನ್ನ ಮನೆಯ ದಿಕ್ಕನ್ನು ಹುಡುಕುತ್ತಿದ್ದಳು. ಕ್ರೋಧಿ ಮತ್ತೆ ಬಂದದ್ದು 2024ರಲ್ಲಿ. ಆ ವರ್ಷದ ಕಾರ್ತಿಕದಲ್ಲಿ ಅಜ್ಜಿ ಹೋದಳು.

ಯಾರನ್ನು, ಏನು ಕೇಳುವುದು

ಗಂಡುಮಕ್ಕಳನ್ನು ಕೊನೆಗೆ ಕೇಳಿ. ನನ್ನ ಅಪ್ಪ, ದೊಡ್ಡಪ್ಪ, ಚಿಕ್ಕಪ್ಪ ಮೂವರೂ ಹೇಳಿದ್ದು ಒಂದೇ ವಾಕ್ಯ, "ಅಮ್ಮ ಬಹಳ ಕಷ್ಟಪಟ್ಟಳು". ಯಾವ ಕಷ್ಟ ಎಂದರೆ ಮೂವರೂ ಮಾಡಿನ ಕಡೆ ನೋಡಿದರು. ಕಷ್ಟದ ವಿವರವೆಲ್ಲ ಇದ್ದದ್ದು ಹಿರಿಯ ಸೊಸೆಯಾದ ದೊಡ್ಡಮ್ಮನ ಹತ್ತಿರ. ನಲವತ್ತೈದು ವರ್ಷ ಒಂದೇ ಒಲೆಯ ಮುಂದೆ ಕುಳಿತವರು. ಅತ್ತೆಯ ಮೇಲೆ ಪ್ರೀತಿ ಇತ್ತು, ದೂರೂ ಇತ್ತು, ಎರಡನ್ನೂ ಲೆಕ್ಕ ಇಟ್ಟಂತೆ ಹೇಳಿದರು. ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳು ಎರಡನೆಯವರು. ಬಾಣಂತನಕ್ಕೆ ಬಂದ ತಿಂಗಳುಗಳಲ್ಲಿ ತಾಯಿ ಅವರ ಬಳಿ ಬೇರೆಲ್ಲೂ ಹೇಳದ್ದನ್ನು ಹೇಳಿರುತ್ತಾಳೆ. ಆಮೇಲೆ ಅಡಿಕೆ ಸುಲಿಯಲು ಬರುತ್ತಿದ್ದ ಹೆಂಗಸರು, ದೇವಸ್ಥಾನದ ಭಟ್ಟರು, ಸಾಲದ ಪುಸ್ತಕ ಇಟ್ಟಿರುವ ಅಂಗಡಿಯವರು, ಬಳೆಗಾರ.

ಪ್ರಶ್ನೆ ಹೇಗಿರಬೇಕೆಂದರೆ, ಉತ್ತರದಲ್ಲಿ ಒಂದು ವಸ್ತುವೋ ಒಂದು ಕೆಲಸವೋ ಬರಲೇಬೇಕು. "ಅಜ್ಜಿ ಹೇಗಿದ್ದರು?" ಎಂದರೆ "ದೇವರಂಥವರು" ಎನ್ನುತ್ತಾರೆ, ಮಾತು ಅಲ್ಲಿಗೆ ಮುಗಿಯಿತು. ಬದಲಿಗೆ ಹೀಗೆ ಕೇಳಿ: ಸಿಟ್ಟು ಬಂದಾಗ ಏನು ಮಾಡುತ್ತಿದ್ದರು? ದುಡ್ಡು ಎಲ್ಲಿ ಅಡಗಿಸಿಡುತ್ತಿದ್ದರು? ಯಾರ ಮನೆಯ ನೀರು ಕುಡಿಯುತ್ತಿರಲಿಲ್ಲ? ಮಿಡಿ ಉಪ್ಪಿನಕಾಯಿಗೆ ಯಾವ ಮರದ ಮಿಡಿಯೇ ಆಗಬೇಕಿತ್ತು? ಯಾರು ಬಂದರೆ ಒಳಗೆ ಹೋಗಿ ಸೀರೆ ಬದಲಾಯಿಸಿ ಬರುತ್ತಿದ್ದರು? ಕೊನೆಯದನ್ನು ನಮ್ಮಲ್ಲಿ ಕೇಳಿದ್ದು ಪಿಯುಸಿಯ ಮೊಮ್ಮಗಳು. ಉತ್ತರ: ಗಂಡನ ತಮ್ಮ ಬಂದಾಗಲ್ಲ, ಶಾಲೆಯ ಮಾಸ್ತರು ಬಂದಾಗ. ಎರಡನೆಯ ಕ್ಲಾಸಿಗೆ ಶಾಲೆ ಬಿಡಿಸಿದ ಹೆಂಗಸು ಮಾಸ್ತರರ ಮುಂದೆ ಹಳೆಯ ಸೀರೆಯಲ್ಲಿ ನಿಲ್ಲುತ್ತಿರಲಿಲ್ಲವಂತೆ.

ಕುರ್ಚಿ ಹಾಕಿ ಎದುರು ಕೂರಿಸಿ ಕೇಳಿದರೆ ಹಳ್ಳಿಯ ಹೆಂಗಸರು ಮಾತನಾಡುವುದಿಲ್ಲ. ಕೈಯಲ್ಲಿ ಕೆಲಸವಿರುವಾಗ ಪಕ್ಕದಲ್ಲಿ ಕುಳಿತುಕೊಳ್ಳಿ, ಸಾಧ್ಯವಾದರೆ ನೀವೂ ಕೈ ಹಾಕಿ. ಅಡಿಕೆ ಸುಲಿಯುವ ಚಪ್ಪರದಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ಒಂದು ರಾತ್ರಿಯಲ್ಲಿ ನಾನು ಕೇಳಿದ್ದು, ತಿಂಗಳಿಡೀ ಫೋನ್ ಮಾಡಿ ಕೇಳಿದ್ದಕ್ಕಿಂತ ಹೆಚ್ಚು. ಬೆರಳೂ ಕುಯ್ದುಕೊಂಡೆ.

ಎಲ್ಲರ ಬಾಯಲ್ಲೂ ಮತ್ತೆ ಮತ್ತೆ ಬರುವ ಅಜ್ಜಿಯ ಮಾತುಗಳಿಗೆ ಬೇರೆ ಪುಟ ಇಡಿ, ಅವರು ಆಡಿದ ಹಾಗೆಯೇ ಬರೆದುಕೊಳ್ಳಿ. ಅರ್ಥವಾಗದಿದ್ದರೂ ಬಿಡಬೇಡಿ. ನಮ್ಮ ಅಜ್ಜಿ ಮನೆಯಲ್ಲಿ ಯಾವ ದೊಡ್ಡ ಖರ್ಚು ಬಂದರೂ, ಟಿವಿ ತಂದರೂ, ಬೈಕು ತಂದರೂ, "ಮೊದಲು ತಿಮ್ಮಪ್ಪನ ಬಡ್ಡಿ ಕಟ್ಟಿ" ಎನ್ನುತ್ತಿದ್ದಳು. ಗಾದೆ ಎಂದುಕೊಂಡಿದ್ದೆವು. ನಾವೂ ಆಡಿಕೊಳ್ಳುತ್ತಿದ್ದೆವು. ಆ ಪುಟದಲ್ಲಿ ಅದು ಏಳು ಜನರ ಬಾಯಿಂದ ಬಂದು ಕುಳಿತಿತು.

ಪಾತ್ರೆಗಳನ್ನು ಓದಿ

ನಮ್ಮ ಮನೆಗಳಲ್ಲಿ ಯಾರೂ ದಿನಚರಿ ಬರೆಯಲಿಲ್ಲ, ಆದರೆ ಪಾತ್ರೆಗಳ ಮೇಲೆ ಹೆಸರು ಕೊರೆಸಿದರು. ಅಟ್ಟದ ಮೇಲಿನ ಹಿತ್ತಾಳೆ, ತಾಮ್ರ, ಸ್ಟೀಲು ಎಲ್ಲವನ್ನೂ ಇಳಿಸಿ, ಹುಣಸೆಹಣ್ಣು ಹಾಕಿ ತೊಳೆದು ಸಾಲಾಗಿಡಿ. ಕೊಟ್ಟವರ ಹೆಸರು, ತಾರೀಖು, ಕೆಲವೊಮ್ಮೆ ಊರು. ಇದು ಅಜ್ಜಿಯ ಬಳಗದ ಪಟ್ಟಿ. ಇದರ ಜೊತೆಗೆ ಮದುವೆ ಮನೆಗಳ ಮುಯ್ಯಿ ಪಟ್ಟಿ ಸಿಕ್ಕರೆ, ಯಾರು ಎರಡು ರೂಪಾಯಿ ಮುಯ್ಯಿ ಮಾಡಿದರು, ಯಾರ ಮನೆಗೆ ಅದು ಐದಾಗಿ ಹಿಂದಿರುಗಿತು ಎನ್ನುವುದೆಲ್ಲ ತಿಳಿಯುತ್ತದೆ. ಸಮಾಜಸೇವೆ ಎಂಬ ದೊಡ್ಡ ಪದ ಬರೆಯುವ ಬದಲು ಈ ಪಟ್ಟಿಯನ್ನೇ ಅಚ್ಚು ಹಾಕಿಬಿಡಬಹುದು.

ನಮ್ಮಲ್ಲಿ ಒಂದು ಸ್ಟೀಲ್ ಡಬ್ಬಿ, 1972ರ ಮೇ ತಿಂಗಳ ತಾರೀಖು, ಬಂಧುಗಳಲ್ಲಿ ಯಾರಿಗೂ ಗೊತ್ತಿಲ್ಲದ ಹೆಸರು. ಅಡಿಕೆ ಚಪ್ಪರದಲ್ಲಿ ಅದರ ಮಾತು ತೆಗೆದಾಗ ಒಬ್ಬ ಹೆಂಗಸು ಕತ್ತಿ ನಿಲ್ಲಿಸಿ ನಕ್ಕರು. ಅದು ಅವರ ತಂದೆಯ ಹೆಸರು. ಅವರ ಮದುವೆಗೆ ಜಾಗವಿಲ್ಲದೆ ಅಜ್ಜಿ ನಮ್ಮ ಅಂಗಳದಲ್ಲೇ ಚಪ್ಪರ ಹಾಕಿಸಿದ್ದಳಂತೆ. ತಂದೆ ಸಂಬಳದಲ್ಲಿ ಉಳಿಸಿ, ಪೇಟೆಗೆ ನಡೆದು ಹೋಗಿ ಡಬ್ಬಿ ತಂದು, ಹೆಸರು ಕೊರೆಸಿ ಕೊಟ್ಟಿದ್ದರು. ನಾವು ಐವತ್ತು ವರ್ಷ ಅದರಲ್ಲಿ ಸಾಸಿವೆ ಇಟ್ಟಿದ್ದೆವು.

ಉತ್ತರ ಕರ್ನಾಟಕದವರಾದರೆ ಕೌದಿಯನ್ನು ಹರಡಿ ನೋಡಿ. ಯಾವ ತುಂಡು ಯಾರ ಸೀರೆ ಎಂದು ಹೇಳಬಲ್ಲವರು ಮನೆಯಲ್ಲಿ ಒಬ್ಬರಾದರೂ ಇರುತ್ತಾರೆ, ಅವರು ಇರುವಾಗಲೇ ಬರೆದುಕೊಳ್ಳಿ. ಫೋಟೊಗಳ ಹಿಂಬದಿಯ ಸ್ಟುಡಿಯೊ ಮುದ್ರೆ, ಹಾಡಿನ ಪುಸ್ತಕಗಳು ಇವನ್ನೂ ಬಿಡಬೇಡಿ. ಸೋಬಾನೆ, ಆರತಿ, ಬೀಸುವ ಪದಗಳು ಪುಸ್ತಕದಲ್ಲಿರುವುದಿಲ್ಲ; ಅಜ್ಜಿಯ ಜೊತೆ ಸೊಲ್ಲು ಹಿಡಿಯುತ್ತಿದ್ದವರಿಂದ ಹಾಡಿಸಿಯೇ ದಾಖಲಿಸಬೇಕು.

ಭಕ್ತಿಯ ಬಗ್ಗೆ

"ದೈವಭಕ್ತೆ" ಎಂದು ಬರೆದರೆ ಏನೂ ಹೇಳಿದಂತಾಗಲಿಲ್ಲ. ಅಜ್ಜಿಯಂದಿರಿಗೆ ದೇವರೊಡನೆ ಇದ್ದದ್ದು ವ್ಯವಹಾರ, ಜಗಳ, ಮುನಿಸು, ಹರಕೆ, ಬಾಕಿ. ಅದನ್ನು ಬರೆಯಿರಿ. ಯಾವ ವಾರ ಒಪ್ಪೊತ್ತು? ಅದು ಯಾವ ಘಟನೆಯ ನಂತರ ಶುರುವಾಯಿತು? ಯಾವ ದೇವರಿಗೆ ಮನೆಯವರು ನಡೆದುಕೊಳ್ಳುತ್ತಿದ್ದರು, ಮದುವೆಯಾದ ಮೇಲೆ ತವರಿನ ದೇವರನ್ನು ಗುಟ್ಟಾಗಿ ಇಟ್ಟುಕೊಂಡಿದ್ದರೇ? ಮಕ್ಕಳು ಸತ್ತಾಗ ದೀಪ ಹಚ್ಚುವುದನ್ನು ಎಷ್ಟು ದಿನ ಬಿಟ್ಟಿದ್ದರು? ನಮ್ಮ ಅಜ್ಜಿ ಸಿಗಂದೂರು ಚೌಡೇಶ್ವರಿಗೆ ವರ್ಷಕ್ಕೊಮ್ಮೆ ಹೋಗುತ್ತಿದ್ದಳು, ಲಾಂಚಿನಲ್ಲಿ. ದಾಟುವಾಗ ನೀರಿನ ಕಡೆ ಬೆನ್ನು ಹಾಕಿ ಕೂರುತ್ತಿದ್ದಳು. ಊರು ನುಂಗಿದ ನೀರನ್ನು ನೋಡುವುದಿಲ್ಲ, ಆದರೆ ಅಮ್ಮನನ್ನು ನೋಡದೆ ಇರಲಾಗುವುದಿಲ್ಲ. ಹಿನ್ನೀರಿಗೆ ಕಟ್ಟಿದ ಸೇತುವೆ 2025ರ ಜುಲೈಯಲ್ಲಿ ತೆರೆಯಿತು. ಅಜ್ಜಿಗೆ ಅದು ಎಂಟು ತಿಂಗಳು ತಡವಾಯಿತು.

ಈಗ ಆ ಗಂಟಿನ ಮಾತು. ಮುಡಿಪನ್ನು ಬಿಚ್ಚಬಾರದೆಂದು ದೊಡ್ಡಪ್ಪ ಪಟ್ಟು ಹಿಡಿದರು. ಬಿಚ್ಚುವ ಅಗತ್ಯವೇ ಬೀಳಲಿಲ್ಲ, ಬಟ್ಟೆ ಜೀರ್ಣವಾಗಿ ತಾನೇ ಬಿಟ್ಟುಕೊಂಡಿತ್ತು. ಒಳಗೆ ಐವತ್ತು ಪೈಸೆ, ಇಪ್ಪತ್ತೈದು ಪೈಸೆಯ ನಾಣ್ಯಗಳು, ಒಟ್ಟು ಹನ್ನೊಂದು ರೂಪಾಯಿ. ಎಲ್ಲದರ ಮೇಲೂ 'ನಯೇ ಪೈಸೆ' ಎಂದಿತ್ತು. ನಾಣ್ಯಗಳಿಂದ 'ನಯೇ' ಎಂಬ ಮಾತು ಬಿಟ್ಟುಹೋದದ್ದು 1964ರಲ್ಲಿ. ಇಂಥ ಗಂಟು ಸಿಕ್ಕರೆ ಅತ್ಯಂತ ಹೊಸ ನಾಣ್ಯವನ್ನು ಹುಡುಕಿ. ಗಂಟು ಅದಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. ನಮ್ಮದರಲ್ಲಿ ಅದು 1963.

ಚಿಕ್ಕಜ್ಜಿಗೆ ಫೋನ್ ಮಾಡಿ ನಾಣ್ಯದ ಇಸವಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅದು ತಿರುಪತಿಯದ್ದಪ್ಪ. ಲಾರಿ ಇಳಿದ ಮೊದಲ ಮಳೆಗಾಲದಲ್ಲಿ ನಿಮ್ಮ ಅಜ್ಜನಿಗೆ ಚಳಿಜ್ವರ ಬಂದು ಉಳಿಯುವ ಹಾಗಿರಲಿಲ್ಲ. ಪರಿಹಾರದ ದುಡ್ಡಿನಲ್ಲಿ ಹನ್ನೊಂದು ರೂಪಾಯಿ ಕಟ್ಟಿಟ್ಟಳು, ಗಂಡನನ್ನು ಕರೆದುಕೊಂಡು ಬಂದು ಹಾಕುತ್ತೇನೆ ಅಂತ." ಅಜ್ಜ ಬದುಕಿದರು, ಇನ್ನೂ ಮೂವತ್ತು ವರ್ಷ. ತಿರುಪತಿಗೆ ಹೋಗುವಷ್ಟು ದುಡ್ಡು ಒಟ್ಟಿಗೆ ಆಗಲಿಲ್ಲ. ದುಡ್ಡಾದ ಕಾಲಕ್ಕೆ ಅಜ್ಜನೇ ಇರಲಿಲ್ಲ. ಒಬ್ಬಳೇ ಹೋಗಿ ಹಾಕಿದರೆ ಮಾತು ತಪ್ಪಿದ ಹಾಗೆ ಎಂದುಕೊಂಡು ಗಂಟನ್ನು ಹಾಗೇ ಇಟ್ಟಳು.

ತಿಮ್ಮಪ್ಪನ ಬಡ್ಡಿ ಗಾದೆಯಾಗಿರಲಿಲ್ಲ.

ಬರೆಯಲು ಕೈ ಬಾರದ ಸಂಗತಿಗಳು

ಅಜ್ಜಿ ಎಂಟು ಹೆತ್ತಳು, ಐವರು ಉಳಿದರು. ಪೌತಿ ಖಾತೆಗೆ ಮಾಡಿಸಿದ ವಂಶವೃಕ್ಷದಲ್ಲಿ ಆ ಮೂವರು ಇಲ್ಲ, ಇರಬೇಕಾಗಿಯೂ ಇಲ್ಲ. ಪುಸ್ತಕದಲ್ಲಿ ಇರಬೇಕು. ಹೆಸರಿಡುವ ಮೊದಲೇ ಹೋದ ಮಗುವಿಗೂ ಒಂದು ಸಾಲು ಕೊಡಿ, ಯಾವ ಮಳೆಯಲ್ಲಿ ಬಂದು ಯಾವ ಮಳೆಯಲ್ಲಿ ಹೋಯಿತೆಂದು. ವಂಶವೃಕ್ಷವನ್ನು ಬರೆಯುವಾಗ ಹೆಣ್ಣುಮಕ್ಕಳ ಕವಲನ್ನೂ ಪೂರ್ತಿ ಬರೆಯಿರಿ. "ಇವಳನ್ನು ಇಂಥ ಊರಿಗೆ ಕೊಟ್ಟಿದೆ" ಎಂದು ನಿಲ್ಲಿಸುವ ಹಳೆಯ ಚಾಳಿ ಅಜ್ಜಿಯ ಪುಸ್ತಕದಲ್ಲಾದರೂ ಬೇಡ.

ಆಸ್ತಿಯ ಜಗಳ ನ್ಯಾಯಾಲಯದಲ್ಲಿದ್ದರೆ ಅದನ್ನು ಬಿಡಿ. ಬದುಕಿರುವವರ ಕಾಯಿಲೆ, ಸಾಲ, ಮುರಿದ ಮದುವೆ ಅವರು ಒಪ್ಪಿದರೆ ಮಾತ್ರ. ಯಾರ ಬಗ್ಗೆ ಬರೆದಿದ್ದೀರೋ ಅವರಿಗೆ ಆ ಭಾಗವನ್ನು ಮೊದಲೇ ಓದಿ ಹೇಳಿ.

ನಮ್ಮಲ್ಲಿ ಜೋರು ಜಗಳವಾದದ್ದು ಲೋಟದ ವಿಷಯಕ್ಕೆ. ಅಂಗಳದಲ್ಲಿ ಕೂಲಿಯವರ ಮಗಳ ಮದುವೆ ಮಾಡಿಸಿದ ಅಜ್ಜಿಯೇ ಅವರಿಗೆ ಚಹಾ ಕೊಡುವ ಲೋಟಗಳನ್ನು ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿ ಬೇರೆ ಇಟ್ಟಿದ್ದಳು. ಅದನ್ನು ಬರೆಯುವುದು ಬೇಡ ಎಂದವರು ನಾಲ್ವರು, ಬರೆಯಬೇಕು ಎಂದವರು ಮೂವರು. ಡಬ್ಬಿಯ ಕತೆ ಹೇಳಿದ ಹೆಂಗಸಿಗೆ ಆ ಭಾಗವನ್ನು ಓದಿ ಹೇಳಿದಾಗ ಅವರು ಕೇಳಿ ಮುಗಿಸಿ, "ಲೋಟ ಬೇರೆ ಇತ್ತು. ಅದನ್ನೂ ಹಾಕಿ" ಎಂದರು. ಹಾಕಿದೆವು. ಎರಡು ವಾಕ್ಯ, ನಮ್ಮ ಟೀಕೆ ಟಿಪ್ಪಣಿ ಇಲ್ಲದೆ.

ಬರವಣಿಗೆ, ಅಚ್ಚು

ಹುಟ್ಟಿನಿಂದ ಶುರು ಮಾಡಬೇಡಿ, ಒಂದು ದಿನದಿಂದ ಶುರು ಮಾಡಿ. ನಾವು ಆರಿಸಿಕೊಂಡದ್ದು 1985ರ ಸುಮಾರಿನ ಅಡಿಕೆ ಸುಗ್ಗಿಯ ಒಂದು ದಿನ: ಎಷ್ಟು ಹೊತ್ತಿಗೆ ಎದ್ದಳು, ಹಂಡೆಗೆ ಬೆಂಕಿ, ಕೊಟ್ಟಿಗೆ, ದೇವರ ದೀಪ, ಎಷ್ಟು ಜನಕ್ಕೆ ಅಡುಗೆ, ಎಲ್ಲರ ಊಟವಾದ ಮೇಲೆ ಪಾತ್ರೆಯಲ್ಲಿ ಏನು ಉಳಿಯುತ್ತಿತ್ತು. ಆ ಆರು ಪುಟ ಓದಿದವರಿಗೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ಇಸವಿಗಳ ಸಾಲನ್ನು ಕೊನೆಗೆ ಎರಡು ಪುಟದಲ್ಲಿ ಕೊಡಿ. ಪ್ರತಿ ವಾಕ್ಯವನ್ನೂ ಪಕ್ಕದ ಮನೆಯ ಅಜ್ಜಿಯ ಹೆಸರು ಹಾಕಿ ಓದಿ ನೋಡಿ, ಅಲ್ಲೂ ಹೊಂದಿದರೆ ಹೊಡೆದುಹಾಕಿ. ನನ್ನ ಮೊದಲ ಕರಡಿನಲ್ಲಿ ಹನ್ನೊಂದು ಪುಟ ಹೀಗೆ ಹೋಯಿತು.

ಅಚ್ಚಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಪೆಟ್ಟು ತಿಂದದ್ದನ್ನು ಮಾತ್ರ ಹೇಳುತ್ತೇನೆ. ಮೊಬೈಲಿನಲ್ಲಿ ಯೂನಿಕೋಡಿನಲ್ಲಿ ಟೈಪ್ ಮಾಡಿದ್ದನ್ನು ಅಚ್ಚುಮನೆಯವರು ತಮ್ಮ ಹಳೆಯ ಫಾಂಟಿಗೆ ಬದಲಾಯಿಸುವಾಗ ಒತ್ತಕ್ಷರ, ಅರ್ಕಾವತ್ತುಗಳು ಕೆಡುತ್ತವೆ. ನಮ್ಮ ಮೊದಲ ಪ್ರೂಫಿನಲ್ಲಿ ಕಾರ್ತಿಕವೇ ಇರಲಿಲ್ಲ, 'ಕಾತಿಕ' ಇತ್ತು. ಹಾಗಾಗಿ ಪ್ರೂಫನ್ನು ಕಾಗದದ ಮೇಲೆ ತೆಗೆಸಿ ಇಬ್ಬರು ಓದಿ, ಅವರಲ್ಲಿ ಒಬ್ಬರು ಗಟ್ಟಿಯಾಗಿ. ಪಿನ್ ಹೊಡೆಯುವ ಪುಸ್ತಕವಾದರೆ ಪುಟಗಳು ನಾಲ್ಕರ ಮಡಿಯಲ್ಲಿರಬೇಕು. ಓದುವವರಲ್ಲಿ ಅರ್ಧ ಜನ ಅರವತ್ತು ದಾಟಿದವರು, ಅಕ್ಷರ ದೊಡ್ಡದಿರಲಿ. ಫೋಟೊಗಳನ್ನು ಮೊಬೈಲಿನಲ್ಲಿ ಹೊಡೆದು ಕಳಿಸದೆ ಸ್ಕ್ಯಾನ್ ಮಾಡಿಸಿ, 600 ಡಿಪಿಐ ಆದರೆ ಒಳ್ಳೆಯದು. ಧ್ವನಿಮುದ್ರಣಗಳ ಪ್ರತಿ ಎರಡು ಬೇರೆ ಮನೆಗಳಲ್ಲಿರಲಿ. ನಾವು 250 ಪ್ರತಿ ಹಾಕಿಸಿ, ಸಾಲದೆ ಮತ್ತೆ 100 ಹಾಕಿಸಿದೆವು. ಎರಡನೆಯ ಸಲ ಕೇಳಿ ಪಡೆದವರು ಹೆಚ್ಚಾಗಿ ನಮ್ಮ ಬಂಧುಗಳಲ್ಲ, ಮುಳುಗಡೆಯ ಬೇರೆ ಮನೆಗಳವರು.

ಬಾಕಿ

ಪುಸ್ತಕಕ್ಕಾಗಿ ಹುಡುಕುವಾಗ ಬಾಕಿಗಳು ಹೊರಬೀಳುತ್ತವೆ: ಅಂಗಡಿಯ ಸಾಲ, ಯಾರದೋ ಕೈಗಡ, ಹಿಂದಿರುಗಿಸದ ಪಾತ್ರೆ, ತೀರಿಸದ ಹರಕೆ. ಇವುಗಳಿಗೊಂದು ಪಟ್ಟಿ ಮಾಡಿ ವರ್ಷಾಂತಿಕದ ಒಳಗೆ ತೀರಿಸಿ. ಅಂಗಡಿಯವರು 340 ರೂಪಾಯಿ ಬೇಡವೆಂದರು, ಕೊಟ್ಟು ಬಂದೆವು.

ತಿರುಪತಿಗೆ ಹೋಗುವುದೆಂದು ತೀರ್ಮಾನವಾದ ಮೇಲೆ ಬಡ್ಡಿ ಎಷ್ಟು ಎಂಬ ಪ್ರಶ್ನೆ ಬಂತು. ಬ್ಯಾಂಕಿನಲ್ಲಿರುವ ಅಣ್ಣ ವರ್ಷಕ್ಕೆ ಶೇಕಡಾ ಆರರಂತೆ ಚಕ್ರಬಡ್ಡಿ ಹಾಕಿ, ಅಸಲು ಸೇರಿ 385 ರೂಪಾಯಿ ಎಂದ. ದೊಡ್ಡಪ್ಪ ಒಪ್ಪಲಿಲ್ಲ. ಆ ಕಾಲದಲ್ಲಿ ಊರಲ್ಲಿ ನಡೆಯುತ್ತಿದ್ದದ್ದು ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ, ದೇವರಿಗೆ ಅದಕ್ಕಿಂತ ಕಡಿಮೆ ಯಾಕೆ? ಅಣ್ಣ ಅದನ್ನೂ ವರ್ಷಕ್ಕೊಮ್ಮೆ ಅಸಲಿಗೆ ಸೇರಿಸುತ್ತ ಅರವತ್ತೊಂದು ವರ್ಷಕ್ಕೆ ಲೆಕ್ಕ ಹಾಕಿದ. ಸುಮಾರು ಐವತ್ತೈದು ಲಕ್ಷ ಬಂತು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ದೊಡ್ಡಪ್ಪನೇ, ದೇವರಿಗೆ ಚಕ್ರಬಡ್ಡಿ ಶಾಸ್ತ್ರದಲ್ಲಿ ಎಲ್ಲೂ ಹೇಳಿಲ್ಲ ಎಂದರು.

ಐವರು ಮಕ್ಕಳೂ ಒಟ್ಟಿಗೆ ಹೋದರು. ಹನ್ನೊಂದು ರೂಪಾಯಿಯನ್ನು ಹೊಸ ಅರಿಶಿನದ ಬಟ್ಟೆಯಲ್ಲಿ ಕಟ್ಟಿ, ಅಜ್ಜನ ಫೋಟೊ ಅತ್ತೆಯ ಚೀಲದಲ್ಲಿಟ್ಟುಕೊಂಡು. ಪುಸ್ತಕದ ಕೊನೆಯ ಪುಟದಲ್ಲಿ ಖರ್ಚುವೆಚ್ಚ ಇದೆ. ಅಚ್ಚು, ಕಾಗದ, ಸ್ಕ್ಯಾನಿಂಗ್, ಅಂಗಡಿ ಬಾಕಿ, ಅದರ ಕೆಳಗೆ: ತಿಮ್ಮಪ್ಪನ ಬಡ್ಡಿ, ರೂ. 501.